ಕಾರ್ಡಿನ ಮೇಲಿನ ಭಾನುವಾರ

1987ರ ಮಾತು. ಮಧುಗಿರಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಇಬ್ಬರು ಕೆಮಿಸ್ಟ್ರಿ ಮೇಷ್ಟ್ರುಗಳು ಕೂತಿದ್ದರು. ಹಿರಿಯರ ತೊಡೆಯ ಮೇಲೆ ‘ಕಂಪ್ಯೂಟರಿನಲ್ಲಿ ಅಣು ತೋರಿಸಿ ಪಾಠ’ ಎಂಬ ಶಿಬಿರದ ಆಹ್ವಾನದ ಕಾರ್ಡುಗಳ ಕಟ್ಟು.

“ನಮ್ಮ ಬೀದಿ ಬಷೀರ್ ಸಾಬ್ರು ಶಿಬಿರಕ್ಕೆ ಕಲರ್ ಟಿವಿ ಕೊಡಲ್ವಂತೆ ಸಾರ್,” ಅಂದ ಕಿರಿಯ.

“ಒಪ್ಪಿದ್ರಲ್ಲ ಓಬಳೇಶ್?”

“ನೀವು ಭಾನುವಾರ ಬೆಳಗ್ಗೆ ಇಟ್ಬುಟ್ರಿ. ಧಾರಾವಾಹಿ ನೋಡೋಕೆ ಬೀದಿಯೋರೆಲ್ಲ ಅವ್ರ ಮನೇಲೇ ಕೂತಿರ್ತಾರೆ.”

“ಸ್ಕೂಲ್ ಟಿವಿಗೇ ಕಂಪ್ಯೂಟರ್ ಹಾಕಾನ ಬುಡು.”

“ಅದು ಬ್ಲಾಕ್ ಅಂಡ್ ವೈಟು. ಯಾವ್ ಗುಂಡು ಆಕ್ಸಿಜನ್ನು, ಯಾವ್ದು ಕಾರ್ಬನ್ನು ಅಂತ ಹೆಂಗ್ ಗೊತ್ತಾಗುತ್ತೆ?”

“ಕೋಲು ಹಿಡ್ಕೊಂಡು ನಾನೇ ತೋರಿಸ್ತೀನಿ.”

“ಅದನ್ನ ಎಲ್ಲಾ ಮೇಷ್ಟ್ರೂ ದಿನಾ ಬೋರ್ಡ್ ಮೇಲೆ ಮಾಡ್ತಾರೆ. ಅದಕ್ಕೆ ನಾಲ್ಕು ತಾಲ್ಲೂಕಿಂದ ಯಾಕ್ ಕರೀಬೇಕು ಸಾರ್?”

ಪಾವಗಡದ ಬಸ್ಸು ಬಂತು. ಹಿರಿಯರು ಕಟ್ಟನ್ನೂ ಪೆನ್ನನ್ನೂ ಅವನ ಕೈಗಿಟ್ಟು ಎದ್ದರು.

“ಎಲ್ಲಾದ್ರಲ್ಲೂ ಭಾನುವಾರ ಹೊಡ್ದು ಶನಿವಾರ ಅಂತ ಬರಿ. ನಾನು ಸೀಟು ಹಿಡೀತೀನಿ.”