ಐದು ಗಂಟೆಯ ಬೀಗ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಚನ್ನಪಟ್ಟಣದಿಂದ ಬಿಸಿಲಲ್ಲಿ ಬಂದ ಅತಿಥಿಗಳೇ, ನಮ್ಮ ಸೇವಾ ಬಳಗದ ಬಂಧುಗಳೇ, ಊಟಕ್ಕೆ ಬಹಳ ಮೊದಲೇ ಬಂದು ಕುಳಿತ ಹೊಂಗನೂರಿನ ಸಭಿಕರೇ,

ನಮ್ಮ ಕೆಂಚಮ್ಮ ಶಿಶುಮಂದಿರಕ್ಕೆ ಇಂದು ಒಂದು ವರ್ಷ. ಕಾರ್ಯದರ್ಶಿಯಾಗಿ ವರದಿ ಒಪ್ಪಿಸುವುದು ನನ್ನ ಕರ್ತವ್ಯ. "ಮಕ್ಕಳೆಲ್ಲಿ?" ಎಂದು ಅತಿಥಿಗಳು ಬಾಗಿಲಲ್ಲೇ ಕೇಳಿದರು. ಅದಕ್ಕೆ ಬರುತ್ತೇನೆ.

ಮೈಸೂರು ರಸ್ತೆಯುದ್ದಕ್ಕೂ ಕಾರ್ಖಾನೆಗಳು ಎದ್ದ ಮೇಲೆ ನಮ್ಮೂರ ಹೆಣ್ಣುಮಕ್ಕಳು ಬೆಳಗಿನ ಬಸ್ಸಿಗೆ ಗಾರ್ಮೆಂಟ್ಸಿಗೆ ಹೊರಟರು. ಅವರ ಕೂಸುಗಳನ್ನು ನೋಡಿಕೊಳ್ಳುತ್ತಿದ್ದವರು ಗಂಗಲಕ್ಷ್ಮಮ್ಮ. ರೇಷ್ಮೆಹುಳು ಸಾಕುವುದನ್ನು ಬಿಟ್ಟು, ಆ ಹುಳುಮನೆಯಲ್ಲೇ ಹನ್ನೊಂದು ಮಕ್ಕಳನ್ನು ಮಲಗಿಸುತ್ತಿದ್ದರು. ಪದಾಧಿಕಾರಿಗಳಿಲ್ಲ, ಬೋರ್ಡಿಲ್ಲ, ಒಂದು ಫೋಟೋ ಕೂಡ ಇಲ್ಲ. ಅದನ್ನು ಸೇವೆ ಎನ್ನಲಾದೀತೇ?

ಆದ್ದರಿಂದ ಈ ಕಟ್ಟಡ ಕಟ್ಟಿದೆವು. ಹೆಸರು ನನ್ನ ತಾಯಿಯದು. ಕೂಲಿಗೆ ಹೋಗುವಾಗ ಆಕೆ ನನ್ನನ್ನು ಹಳೇ ಸೀರೆಯಿಂದ ಜಗಲಿಯ ಕಂಬಕ್ಕೆ ಕಟ್ಟಿ ಹೋಗುತ್ತಿದ್ದಳು. ಬಿಸಿಲು ಮೆಟ್ಟಿಲಿಳಿದರೂ ಅವಳು ಬಾರದ ದಿನ ಅತ್ತೂ ಅತ್ತೂ... ಇರಲಿ, ಅದು ವರದಿಯಲ್ಲಿಲ್ಲ.

ಹನ್ನೊಂದು ಮಕ್ಕಳೂ ಇಲ್ಲಿಗೆ ಬಂದರು. ಸಂಸ್ಥೆ ಎಂದ ಮೇಲೆ ಶಿಸ್ತು ಬೇಡವೇ? ಸಂಜೆ ಐದಕ್ಕೆ ಬೀಗ ಎಂಬ ನಿಯಮವನ್ನು ನಾನೇ ಬರೆದೆ. ಮೂರನೇ ತಿಂಗಳಲ್ಲಿ ಒಂದು ದಿನ ಬಿಡದಿ ಹತ್ತಿರ ಲಾರಿ ಮಗುಚಿ, ತಾಯಂದಿರ ಬಸ್ಸು ಅಲ್ಲೇ ನಿಂತಿತು. ಐದಾಯಿತು. ಕಾವಲುಗಾರ ಚಲುವಯ್ಯ ಮಕ್ಕಳನ್ನು ಮೆಟ್ಟಿಲ ಮೇಲೆ ಕೂರಿಸಿ ಬೀಗ ಹಾಕಿದ. ನನಗೆ ಮೂರು ಸಲ ಫೋನ್ ಮಾಡಿದ. ನಾನು ರಾಮನಗರದಲ್ಲಿ ಮಕ್ಕಳ ಸೇವೆಗಾಗಿ ಸನ್ಮಾನ ಸ್ವೀಕರಿಸುತ್ತಿದ್ದೆ. ಪೇಟ ತೊಡಿಸುತ್ತಿರುವಾಗ ಫೋನ್ ಎತ್ತುವುದು ಹೇಗೆ?

ಮಳೆ ಶುರುವಾಯಿತು. ಎರಡು ವರ್ಷದ ದಿವ್ಯ ಚಲುವಯ್ಯನ ಕಣ್ಣು ತಪ್ಪಿಸಿ ಅಮ್ಮನನ್ನು ಹುಡುಕಿಕೊಂಡು ಹೊರಟಳು. ಕೆರೆ ಏರಿಯ ಮೇಲಿಂದ ನೀರಿನ ಕಡೆ ಇಳಿಯುತ್ತಿದ್ದವಳನ್ನು ಎತ್ತಿಕೊಂಡವರು ಗಂಗಲಕ್ಷ್ಮಮ್ಮ. ಅವಳನ್ನು ಸೊಂಟದಲ್ಲಿಟ್ಟುಕೊಂಡೇ ಇಲ್ಲಿಗೆ ಬಂದು, ಉಳಿದ ಹತ್ತು ಮಕ್ಕಳನ್ನೂ ತಮ್ಮ ಮನೆಗೆ ನಡೆಸಿಕೊಂಡು ಹೋದರು.

ಮರುದಿನ ಚಲುವಯ್ಯನನ್ನು ಬೈದೆ. "ಬೀಗ ಹಾಕು ಅಂತ ಬರ್ದೋರು ನೀವೇಯ ಸಾರ್. ಹೈಕ್ಳನ್ನ ಏನ್ ಮಾಡ್ಬೇಕು ಅಂತ ಬರ್ದಿರ್ನಿಲ್ಲ" ಎಂದ. ದಿವ್ಯಳ ತಾಯಿ ರಮ್ಯಾ ನನ್ನನ್ನು ಬೈಯಲೂ ಇಲ್ಲ. "ಬಿಲ್ಡಿಂಗು ಚೆಂದಾಗೈತೆ ಸಾರ್. ಮಗು ಗಂಗಲಕ್ಷ್ಮವ್ವನ ಮನೇಲೇ ಇರ್ಲಿ ಬುಡಿ" ಎಂದು ಮಗಳ ಬಟ್ಟೆಯ ಚೀಲ ತೆಗೆದುಕೊಂಡು ಹೋದಳು. ವಾರದೊಳಗೆ ಹನ್ನೊಂದು ಚೀಲಗಳೂ ಹೋದವು.

ಹಾಗಾದರೆ ಕಟ್ಟಡ ವ್ಯರ್ಥವಾಯಿತೇ? ಖಂಡಿತ ಇಲ್ಲ. ಇಂದಿನದೂ ಸೇರಿ ಇಲ್ಲಿ ಹದಿನಾಲ್ಕು ಸಮಾರಂಭಗಳು ನಡೆದಿವೆ.

ಗಂಗಲಕ್ಷ್ಮಮ್ಮನವರನ್ನೂ ಸನ್ಮಾನಿಸೋಣವೆಂದು ಇವತ್ತು ನಾನೇ ಕರೆಯಲು ಹೋದೆ. ಅನ್ನ ಕಲಸುತ್ತಿದ್ದರು. "ಈಗ ಬರಾಕಾಗಕಿಲ್ಲ ಕಣಪ್ಪ. ಒಸಿ ಕೂತ್ಕೊ, ಇವಳನ್ನ ಹಿಡ್ಕೊ" ಎಂದು ದಿವ್ಯಳನ್ನು ನನ್ನ ತೊಡೆಯ ಮೇಲೆ ಹಾಕಿದರು. ಅವಳು ನನ್ನ ಹೆಬ್ಬೆರಳು ಹಿಡಿದು ನಿದ್ದೆಹೋದಳು.

ಸಭೆ ಒಂದು ಗಂಟೆ ತಡವಾದದ್ದು ಅದಕ್ಕೇ. ಅಧ್ಯಕ್ಷರು ಎರಡು ಸಲ ಫೋನ್ ಮಾಡಿದ್ದು ಕೇಳಿಸಿತು. ಎತ್ತಲಿಲ್ಲ. ಮಗುವಿಗೆ ಎಚ್ಚರವಾದೀತೆಂದು ಅಲುಗಾಡದೆ ಕುಳಿತಿದ್ದೆ.

ಕಾದು ಕುಳಿತ ನಿಮಗೆಲ್ಲ ನಾನು ಋಣಿ. ನಮಸ್ಕಾರ.