ಸುಡದ ಮನೆಯ ಮೇಲಿನ ಹೊಟ್ಟು

ಹಗರಿಬೊಮ್ಮನಹಳ್ಳಿ ಬಸ್ ನಿಲ್ದಾಣದಲ್ಲಿ ಕೊಟ್ರಮ್ಮ ಹರಪನಹಳ್ಳಿ ಬಸ್ಸಿಗೆ ಕಾಯುತ್ತಿದ್ದಳು. ಅದೇ ಬೆಂಚಿನ ತುದಿಯಲ್ಲಿ ಕುರಿ ಸಾಕುವ ಗಂಡಹೆಂಡತಿ ಮಾತಿಗಿಳಿದಿದ್ದರು. ಕೊಟ್ರಮ್ಮ ಕಣ್ಣನ್ನು ರಸ್ತೆಗಿಟ್ಟು ಕಿವಿಯನ್ನು ಅತ್ತ ಕೊಟ್ಟಳು. ಗಂಡ ಹೆಂಡತಿಗೆ ಹೇಳುತ್ತಿದ್ದ:

"ಗುಡ್ಡದ ಬೆಂಕಿ ಬಂದು ಗುಡಿಸಲ ಸುಟ್ಟಾಗ ಏನಂದಿ, ಜಂಬಕ್ಕ? ಕಾಂಕ್ರೀಟ್ ಮನಿ ಆಗಾತನಕ ತೌರುಮನಿ ಬಿಟ್ಟು ಬರಂಗಿಲ್ಲ ಅಂದಿ. ಈಗ ಆಗೇತಿ, ಬಾ."

"ಮಾಳಿಗಿ?"

"ಸಿಮೆಂಟು."

"ಬಾಗ್ಲಾ?"

"ಕಬ್ಬಿಣದ್ದು. ಸುಡಾಕ ಒಂದು ಕಡ್ಡಿ ಇಲ್ಲ."

"ಹಂಗಾರ ಕುರಿಗೆ ಶೇಂಗಾ ಹೊಟ್ಟು ಎಲ್ಲಿ ಒಟ್ಟೀಯಾ?"

ಗಂಡ ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ಮಾಳಿಗಿ ಮ್ಯಾಲೆ. ಕುರಿಗೆ ಎಟುಕಬಾರ್ದಲ್ಲ."

"ಬೆಂಕಿಗೆ ಎಟುಕತೈತಲ್ಲ."

"ಎಟುಕತೈತಿ. ಮನಿ ಕಟ್ಟಿದ ಗೌಂಡಿ ನೋಡಿ ನಕ್ಕ. ಮನಿ ಸುಡಂಗಿಲ್ಲ ಮಾವ, ನೀ ಒಳಗ ಬೇಯ್ತಿ ಅಂದ."

"ನೀ ಏನಂದಿ?"

"ಏನನ್ಲಿ? ಇಷ್ಟು ದೊಡ್ಡ ಒಲಿ ಕಟ್ಟಿಸಿ ಉರುವಲಾನೂ ನಾನ ಹೊತ್ತು ಹಾಕೀನಿ. ಇಂಥ ಶಾಣ್ಯಾನ ಹೆಂಡ್ತಿ ಅಂತ ನೀ ಊರಾಗ ಎದಿ ಎತ್ತಿ ತಿರುಗು."

ಜಂಬಕ್ಕ ನಗಲಿಲ್ಲ. "ಅವತ್ತು ಮಲಗಿದ್ದ ಈ ಕೂಸನ್ನ ಹೊಗಿಯೊಳಗ ಎತ್ಕೊಂಡು ಓಡಿದಾಕಿ ನಾನು."

"ಗೊತ್ತೈತಿ. ಹೊಟ್ಟು ಇಳಿಸ್ತೀನಿ. ಆಮ್ಯಾಲೆ ಬಾ."

ಅವಳ ತವರಿನ ಕಡೆಯ ಹಂಪಸಾಗರದ ಬಸ್ಸು ಬಂತು. ಗಂಡ ನೆಲ ನೋಡುತ್ತ ಕೂತ. ಜಂಬಕ್ಕ ಏಳಲಿಲ್ಲ, ಬಸ್ಸು ಹೋಯಿತು. ಅದರ ಹಿಂದೆ ಗಂಡನ ಊರಿನ ಕಡೆಯ ಕೂಡ್ಲಿಗಿ ಬಸ್ಸು ಬಂದಾಗ ಅವಳು ಮಡಿಲಲ್ಲಿದ್ದ ಕೂಸನ್ನು ಎತ್ತಿಕೊಂಡು ಎದ್ದು ಬಟ್ಟೆಯ ಚೀಲವನ್ನು ಅವನ ಕೈಗಿಟ್ಟಳು. ಬಸ್ಸಿನ ಕಡೆ ನಡೆಯುತ್ತ ಅವಳಂದಿದ್ದು ಕೊಟ್ರಮ್ಮನಿಗೆ ಕೇಳಿಸಿತು:

"ನಡಿ, ನಾನೂ ಬರ್ತೀನಿ. ನೀ ಒಬ್ಬನ ಇಳಿಸಿದ್ರ ಅದನ್ನ ಬಾಗ್ಲಾಗ ಒಟ್ತಿ."