ಕಿಟಕಿಯಲ್ಲಿ ಬಿಟ್ಟು ಬಂದ ಭೂತಗನ್ನಡಿ

ಬಸ್ಸು ತಿರುವು ದಾಟುವಾಗ ಮೋಡ ಸರಿದು, ಟೈಲರಮ್ಮನ ತೊಡೆಯ ಮೇಲಿದ್ದ ಪತ್ರಿಕೆಯ ಮೇಲೆ ಬಿಸಿಲು ರಪ್ಪನೆ ಬಿತ್ತು. ಮುಂದಿನ ಸೀಟಿನಲ್ಲಿ, ಶಾಲೆ ಮುಗಿಸಿಕೊಂಡು ಆಗಷ್ಟೇ ಹತ್ತಿದ್ದ ಇಬ್ಬರು ಟೀಚರುಗಳು. ಚಿಕ್ಕವಳು ಹೌಹಾರಿ ಎದ್ದು ನಿಂತಳು.

“ಅಕ್ಕಾ, ಬಿಸಿಲು ಬಂತು!”

“ಬಂದ್ರೆ ಬರಲಿ ಬಿಡೇ.”

“ಲ್ಯಾಬ್ ಕಿಟಕೀಲಿ ಭೂತಗನ್ನಡಿ ಹಾಗೇ ಇದೆ. ಕಾಗದ ಹೇಗೆ ಸುಡುತ್ತೆ ಅಂತ ತೋರಿಸ್ತಿದ್ದೆ, ಅಷ್ಟರಲ್ಲಿ ಮೋಡ ಕವೀತು. ನಾಳೆ ಮಾಡೋಣ ಅಂತ ಬಿಟ್ಟು ಬಂದೆ.”

“ಕಾಗದ ತೆಗೆದೆ ತಾನೇ?”

“ಇಲ್ಲ. ಬೆಳಕಿನ ಚುಕ್ಕಿ ಕಾಗದದ ಮೇಲೆ ಸಾಸಿವೆಯಷ್ಟಾಗೋ ಹಾಗೆ ಮಕ್ಕಳೇ ಗಾಜನ್ನ ಸ್ಟ್ಯಾಂಡಿಗೆ ಕೂರಿಸಿದ್ರು. ಶಭಾಷ್, ಇನ್ನು ಯಾರೂ ಮುಟ್ಟಬೇಡಿ ಅಂದೆ.”

“ಪಕ್ಕದಲ್ಲಿ ಏನಿದೆ?”

“ಸ್ಪಿರಿಟ್ ಬಾಟ್ಲಿ.”

“ಅಯ್ಯೋ, ಮೇಲಿನ ಕೋಣೇಲಿ ಇನ್ನೂ ಮಕ್ಕಳ ಹಾಡಿನ ಕ್ಲಾಸು ನಡೀತಿದೆ ಕಣೇ! ಆಯಾಗೆ ಫೋನ್ ಮಾಡು. ಹೋಗಿ ಒಂದು ಬಟ್ಟೆ ಮುಚ್ಚಲಿ.”

“ಒಳಗೆ ಹೇಗೆ ಹೋಗ್ತಾಳೆ ಅಕ್ಕಾ?” ಚಿಕ್ಕವಳು ಪರ್ಸು ತೆರೆದು ತೋರಿಸಿದಳು. ಲ್ಯಾಬಿನ ಬೀಗದ ಕೈ ಅದರಲ್ಲೇ ಇತ್ತು.

“ಡ್ರೈವರಪ್ಪಾ, ನಿಲ್ಸೋ! ಏ, ಮಕ್ಕಳನ್ನ ಕೆಳಗಿಳಿಸೋಕೆ ಆಯಾಗೆ ಹೇಳು, ಓಡ್ತಾನೇ ಫೋನ್ ಮಾಡು!”

ಇಬ್ಬರೂ ಇಳಿದು, ಬಂದ ದಾರಿಯಲ್ಲೇ ಬಿದ್ದಂಬೀಳ ಓಡಿದರು.

ಟೈಲರಮ್ಮ ಪತ್ರಿಕೆಯ ಮೇಲೆ ಬಿಚ್ಚಿಟ್ಟಿದ್ದ ತನ್ನ ದಪ್ಪ ಕನ್ನಡಕವನ್ನು ಗಬಕ್ಕನೆ ಎತ್ತಿ ಎರಡೂ ಕೈಯಲ್ಲಿ ಮುಚ್ಚಿಕೊಂಡಳು.